ಬ್ಯಾಕಪ್ ಡೇಟಾಬೇಸ್ ತೆರೆಯಲ್ಲ, ಟರ್ಮಿನಲ್‌ನಲ್ಲಿ ಮಾತ್ರ ‘ಓಕೆ’ ಅನ್ನುತ್ತೆ: ಯಾವುದನ್ನು ನಂಬೋದು?

ಕಪಾಟುಸಂಖ್ಯೆ:

ಗ್ರಂಥಾಲಯದ ಪುಸ್ತಕಪಟ್ಟಿ ಇರುವ, ಎಲ್ಲವನ್ನೂ ಒಂದೇ ಫೈಲಿನಲ್ಲಿಡುವ ಎಸ್‌ಕ್ಯೂಲೈಟ್ ಡೇಟಾಬೇಸ್, ಯಂತ್ರ ಉಬುಂಟು. ರಾತ್ರಿ 11ಕ್ಕೆ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಓಡಿ ಸಿಪಿ (ನಕಲು) ಕಮಾಂಡಿನಿಂದ ಫೈಲನ್ನು ಪೆನ್‌ಡ್ರೈವಿಗೆ ಹಾಕುತ್ತದೆ. ಆ ಬ್ಯಾಕಪ್ಪನ್ನು ಪ್ರೋಗ್ರಾಮಿನಲ್ಲಿ ತೆರೆದರೆ ‘ಡೇಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್’ (ಫೈಲಿನ ಕಟ್ಟು ಕೆಟ್ಟಿದೆ) ಅನ್ನುತ್ತದೆ. ಟರ್ಮಿನಲ್‌ನಲ್ಲಿ ಪರೀಕ್ಷಿಸಿದರೆ ‘ಓಕೆ’. ಕೊಟ್ಟ ಕಮಾಂಡ್ ಇದು (ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ):

ಎಸ್‌ಕ್ಯೂಲೈಟ್3 ಕ್ಯಾಟ್‌ಲಾಗ್.ಡಿಬಿ "ಪ್ರಾಗ್ಮಾ ಇಂಟೆಗ್ರಿಟಿ_ಚೆಕ್;"

ಪೆನ್‌ಡ್ರೈವಿನಲ್ಲಿರುವ ಫೈಲು ಕ್ಯಾಟಲಾಗ್.ಡಿಬಿ, ಅಳತೆ 65,43,11,424 ಬೈಟ್. ಪ್ರೋಗ್ರಾಮ್ ಸುಳ್ಳು ಹೇಳ್ತಿದೆಯೋ, ಟರ್ಮಿನಲ್ಲೋ?

ಶೂನ್ಯಬೈಟು:

ಎರಡೂ ನಿಜವನ್ನೇ ಹೇಳ್ತಿವೆ ಸರ್, ಬೇರೆ ಬೇರೆ ಫೈಲಿನ ಬಗ್ಗೆ. ನಿಮ್ಮ ಕಮಾಂಡನ್ನು ಇನ್ನೊಮ್ಮೆ ಓದಿ. ಫೈಲಿನ ಹೆಸರು ‘ಕ್ಯಾಟಲಾಗ್’, ನೀವು ಕೊಟ್ಟಿರೋದು ‘ಕ್ಯಾಟ್‌ಲಾಗ್’.

ಇಲ್ಲದ ಹೆಸರು ಕೊಟ್ಟರೆ ಎಸ್‌ಕ್ಯೂಲೈಟ್3 ತಕರಾರು ಮಾಡಲ್ಲ, ಆ ಹೆಸರಲ್ಲಿ ಹೊಸ ಫೈಲು ಹುಟ್ಟಿಸುತ್ತೆ. 0 ಬೈಟಿನ ಫೈಲು ಅದರ ಲೆಕ್ಕದಲ್ಲಿ ಖಾಲಿ, ಆದರೆ ಪೂರ್ತಿ ಸರಿಯಾದ ಡೇಟಾಬೇಸ್. ಖಾಲಿ ಡೇಟಾಬೇಸಿನಲ್ಲಿ ಕೆಡೋದಕ್ಕೆ ಏನಿದೆ? ‘ಓಕೆ’. ಎಲ್‌ಎಸ್ -ಎಲ್ ಹಾಕಿ ನೋಡಿ, ಆ ಫೋಲ್ಡರಿನಲ್ಲಿ ಈಗ ಎರಡು ಫೈಲಿರುತ್ತವೆ, ಒಂದರ ಅಳತೆ 0. ಅದನ್ನು ಅಳಿಸಿ.

ಇನ್ನು ಮುಂದೆ ಪರೀಕ್ಷೆಗೆ ಯಾವಾಗಲೂ -ರೀಡ್‌ಓನ್ಲಿ ಸೇರಿಸಿ:

ಎಸ್‌ಕ್ಯೂಲೈಟ್3 -ರೀಡ್‌ಓನ್ಲಿ ಕ್ಯಾಟಲಾಗ್.ಡಿಬಿ "ಪ್ರಾಗ್ಮಾ ಇಂಟೆಗ್ರಿಟಿ_ಚೆಕ್;"

ಹೀಗೆ ಕೊಟ್ಟಾಗ ಫೈಲಿಲ್ಲದಿದ್ದರೆ ‘ಅನೇಬಲ್ ಟು ಓಪನ್ ಡೇಟಾಬೇಸ್ ಫೈಲ್’ ಅಂತ ನೇರ ಬೈಯುತ್ತೆ. ಆದರೆ ಕಾಪಿ ಕೆಟ್ಟು ನಿಜವಾಗಿಯೂ 0 ಬೈಟಾಗಿ ಕೂತಿದ್ದರೆ ರೀಡ್‌ಓನ್ಲಿ ಕೂಡ ‘ಓಕೆ’ ಅನ್ನುತ್ತೆ. ಅಳತೆ ನೋಡೋದು ಬೇರೆಯೇ ಪರೀಕ್ಷೆ, ಅದನ್ನು ಬಿಡಬೇಡಿ.

ಕರಾವಳಿಕರ್ನಲ್:

ಸರಿಯಾದ ಹೆಸರು ಹಾಕಿದ್ರೂ ನಿಮಗೆ ಬರುವುದು ಅದೇ ‘ಮಾಲ್‌ಫಾರ್ಮ್ಡ್’ ಮಾರಾಯ್ರೆ, ತಪ್ಪುಗಳ ಪಟ್ಟಿ ಗಿಟ್ಟಿ ಏನೂ ಬರ್ಲಿಕ್ಕಿಲ್ಲ. ಅದಕ್ಕೇ ಮೊದಲು ಫೈಲಿನ ತಲೆ ನೋಡುವ. ಎಸ್‌ಕ್ಯೂಲೈಟ್ ಫೈಲಿನ ಮೊದಲ 100 ಬೈಟು ಹೆಡರ್. ಇದನ್ನು ಓಡಿಸಿ:

ಎಕ್ಸ್‌ಎಕ್ಸ್‌ಡಿ -ಎಲ್ 100 ಕ್ಯಾಟಲಾಗ್.ಡಿಬಿ

ಬೇಕಾದ್ದು ಇಷ್ಟು. 0ರಿಂದ 15: ‘ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3’ ಎಂಬ ಅಕ್ಷರಗಳು, ಕೊನೆಗೊಂದು ಸೊನ್ನೆ. 16 ಮತ್ತು 17: ಪೇಜಿನ ಅಳತೆ (ಫೈಲನ್ನು ಸಮ ಅಳತೆಯ ಪೇಜುಗಳಾಗಿ ಹಂಚಿರ್ತದೆ). 18 ಮತ್ತು 19: 01 01 ಇದ್ದರೆ ಹಳೆಯ ಜರ್ನಲ್ ಮೋಡ್, 02 02 ಇದ್ದರೆ ವಾಲ್ ಮೋಡ್ (ಹೊಸ ಬರಹ ಮೊದಲು ಬೇರೆ ಫೈಲಿಗೆ ಹೋಗುವ ಬಗೆ). 24ರಿಂದ 27: ಬದಲಾವಣೆ ಎಣಿಕೆ. 28ರಿಂದ 31: ಒಟ್ಟು ಪೇಜ್ ಎಷ್ಟು. 92ರಿಂದ 95ರಲ್ಲಿ ಇರುವುದು 24ರಲ್ಲಿ ಇದ್ದದ್ದೇ ಆಗಿರಬೇಕು. ಆಗಿರದಿದ್ದರೆ 28ರ ಪೇಜ್ ಲೆಕ್ಕವನ್ನು ನಂಬ್ಲಿಕ್ಕಿಲ್ಲ, ಎಸ್‌ಕ್ಯೂಲೈಟ್ ಕೂಡ ನಂಬುವುದಿಲ್ಲ, ಫೈಲಿನ ಅಳತೆಯಿಂದ ತಾನೇ ಲೆಕ್ಕ ಹಾಕ್ತದೆ.

ಮೊದಲ 16 ಬೈಟೇ ಬೇರೆ ಇದ್ದರೆ ‘ಫೈಲ್ ಈಸ್ ನಾಟ್ ಎ ಡೇಟಾಬೇಸ್’ ಅಂತ ಬರ್ತದೆ. ಆಗ ಅದು ಜಿಜಿಪ್ ಆಗಿರಬಹುದು, ಎನ್‌ಕ್ರಿಪ್ಟ್ ಆಗಿರಬಹುದು, ಇಲ್ಲವೇ ತಲೆಯೇ ಹಾರಿರಬಹುದು.

ಕಪಾಟುಸಂಖ್ಯೆ:

ನಾಚಿಕೆಯಾಯ್ತು, 0 ಬೈಟಿನ ಫೈಲು ಇತ್ತು, ಅಳಿಸಿದೆ. ಹೆಡರ್: 16ರಲ್ಲಿ 10 00. 18ರಲ್ಲಿ 02 02. 24 ಮತ್ತು 92 ಒಂದೇ. 28ರಲ್ಲಿ 00 02 71 00.

ಕರಾವಳಿಕರ್ನಲ್:

ಹೆಕ್ಸ್ (16ರ ಆಧಾರದ ಲೆಕ್ಕ) 1000 ಅಂದರೆ 4096. ಹೆಕ್ಸ್ 27100 ಅಂದರೆ 1,60,000 ಪೇಜ್. ಗುಣಿಸಿದರೆ 65,53,60,000 ಬೈಟ್ ಇರಬೇಕು. ಇರುವುದು 65,43,11,424. ವ್ಯತ್ಯಾಸ 10,48,576, ಅಂದರೆ ಸರಿಯಾಗಿ 1 ಎಂಐಬಿ, 256 ಪೇಜ್. ಬಾಲ ಕತ್ತರಿಸಿದೆ.

ಹೆಡರ್ ಹೇಳುವ ಪೇಜ್ ಸಂಖ್ಯೆಗಿಂತ ಫೈಲು ಚಿಕ್ಕದಾದರೆ ಎಸ್‌ಕ್ಯೂಲೈಟ್ ಹೊಸ್ತಿಲಲ್ಲೇ ನಿಲ್ಲಿಸ್ತದೆ, .ಟೇಬಲ್ಸ್ ಕೂಡ ಓಡುವುದಿಲ್ಲ. ಒಳಗೆ ಏನುಳಿದಿದೆ ನೋಡ್ಬೇಕಾದರೆ, ಫೈಲಿನ ಇನ್ನೊಂದು ಪ್ರತಿ ಮಾಡಿ, ಅದರ ಮೇಲೆ ಮೊದಲು ‘ಪ್ರಾಗ್ಮಾ ರೈಟಬಲ್_ಸ್ಕೀಮಾ=ಆನ್;’ ಕೊಟ್ಟು, ಅದೇ ಸೆಷನ್ನಿನಲ್ಲಿ ಇಂಟೆಗ್ರಿಟಿ_ಚೆಕ್ ಓಡಿಸಿ. ಆ ಸ್ವಿಚ್ ಹಾಕಿದ್ರೆ ಈ ಅಳತೆಯ ತಕರಾರನ್ನು ಬಿಟ್ಟು ಒಳಗೆ ಹೋಗ್ತದೆ. ಅಸಲು ಫೈಲಿನ ಮೇಲೆ ಬೇಡ.

ಇಷ್ಟು ದುಂಡು ಸಂಖ್ಯೆಯಲ್ಲಿ ಕತ್ತರಿಸಿದೆ ಎಂದರೆ ನನ್ನ ಗುಮಾನಿ ಡೇಟಾಬೇಸಿನ ಮೇಲಲ್ಲ, ಸಾಗಾಟದ ಮೇಲೆ. ಎರಡು ನೋಡಿ. ಡಿಎಫ್ -ಎಚ್ ಹಾಕಿ, ಪೆನ್‌ಡ್ರೈವ್ ತುಂಬಿದೆಯಾ? ತುಂಬಿದ್ದರೆ ಸಿಪಿ ದೂರು ಕೊಟ್ಟೇ ಇರ್ತದೆ, ಆದರೆ ಕ್ರಾನ್ ಆ ದೂರನ್ನು ಯಾರೂ ಓದದ ಮೇಲ್‌ಬಾಕ್ಸಿಗೆ ಹಾಕಿರ್ತದೆ. ಎರಡನೆಯದು, ಬೆಳಿಗ್ಗೆ ಯಾರಾದರೂ ಅನ್‌ಮೌಂಟ್ (ಸುರಕ್ಷಿತವಾಗಿ ಬಿಡಿಸುವುದು) ಮಾಡದೆ ಎಳೀತಾರಾ?

ಹಾಂ, ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ ಒಂದು ಫೈಲು 4,29,49,67,295 ಬೈಟ್ ದಾಟ್ಲಿಕ್ಕಿಲ್ಲ. ನಿಮ್ಮದು ಇನ್ನೂ ಅಲ್ಲಿಗೆ ಬಂದಿಲ್ಲ, ಆದರೂ ನೆನಪಿರಲಿ.

ಪೇಡಾಬೈಟ್:

ಪೆನ್‌ಡ್ರೈವ್ ಮಾತು ಬಿಡ್ರಿ, 18ನೇ ಬೈಟಿನ್ಯಾಗ 02 02 ಐತಿ ಅಂದ್ರ ದೊಡ್ಡ ಕಂಟಕ ಅಲ್ಲೇ ಐತಿ. ವಾಲ್ ಮೋಡಿನ್ಯಾಗ ಹೊಸಾ ಬರಹ ಮೊದಲು ಕ್ಯಾಟಲಾಗ್.ಡಿಬಿ-ವಾಲ್ ಅನ್ನೋ ಫೈಲಿಗೆ ಹೋಗತೈತಿ. ಸುಮಾರು 1,000 ಪೇಜ್ ಕೂಡಿದ ಮ್ಯಾಲೆ ಚೆಕ್‌ಪಾಯಿಂಟ್ ಆಗಿ ಮುಖ್ಯ ಫೈಲಿಗೆ ಇಳೀತೈತಿ. ನೀವು ಬರೇ .ಡಿಬಿ ಫೈಲ್ ಸಿಪಿ ಮಾಡಿದ್ರ ವಾಲ್‌ನ್ಯಾಗ ಕೂತಿರೋ ನಮೂದು ಬರೂದಿಲ್ಲ. ಅದು ಸಣ್ಣ ನಷ್ಟ. ಸಿಪಿ ಓದಾಕತ್ತಾಗ ನಡುವ ಚೆಕ್‌ಪಾಯಿಂಟ್ ಆತು ಅಂದ್ರ ಮೊದಲರ್ಧ ಹಳೇದು, ಕೊನೀ ಅರ್ಧ ಹೊಸದು. ಅಂಥಾ ಫೈಲು ಅಳತೀ ಒಳಗ ಸರಿ ಇರತೈತಿ, ಹೆಡರ್ ಸರಿ ಇರತೈತಿ, ಪೇಜುಗಳು ಗಿಡದ ಹಂಗ ಒಂದಕ್ಕೊಂದು ಕೂಡಿರತಾವ, ಆ ಗಿಡದ ಟೊಂಗಿ ಮಾತ್ರ ಬ್ಯಾರೆ ಗಿಡಕ್ಕ ಹತ್ತಿರತಾವ.

ವಾಲ್ ಫೈಲಿನ ಲೆಕ್ಕಾನೂ ಹಾಕಬಹುದ್ರಿ: 32 ಬೈಟ್ ತಲಿ, ಆಮ್ಯಾಲೆ ಒಂದೊಂದು ಫ್ರೇಮಿಗೆ 24 ಬೈಟ್ ಮತ್ತ ಒಂದು ಪೇಜ್. 4096ರ ಪೇಜಾದ್ರ 1,000 ಫ್ರೇಮಿಗೆ 41,20,032 ಬೈಟ್. ಸಿಪಿ ಆಗೂ ಹೊತ್ತಿಗೆ -ವಾಲ್ ಫೈಲು ಅಷ್ಟು ದಪ್ಪ ಇತ್ತು ಅಂದ್ರ, ಎಷ್ಟು ನಮೂದು ಬಿಟ್ಟು ಬಂದೀರಿ ನೀವ ನೋಡ್ರಿ.

ಸಿಪಿ ಬದಲಿಗೆ ಇದನ್ನ ಹಾಕ್ರಿ:

ಎಸ್‌ಕ್ಯೂಲೈಟ್3 /ದತ್ತ/ಕ್ಯಾಟಲಾಗ್.ಡಿಬಿ ".ಬ್ಯಾಕಪ್ /ಮೀಡಿಯಾ/ಪೆನ್/ಕ್ಯಾಟಲಾಗ್.ಡಿಬಿ"

ಪ್ರೋಗ್ರಾಮ್ ತೆರೆದೇ ಇದ್ರೂ ನಡೀತೈತಿ. ನಡುವ ಬ್ಯಾರೆ ಪ್ರೋಗ್ರಾಮ್ ಬರದ್ರ .ಬ್ಯಾಕಪ್ ಮತ್ತ ಮೊದಲಿಂದ ಸುರು ಮಾಡತೈತಿ, ಅದಕ್ಕ ಗದ್ದಲ ಇರೋ ಡೇಟಾಬೇಸಿನ್ಯಾಗ ಭಾಳ ಹೊತ್ತು ಹಿಡೀಬಹುದು. ಆವಾಗ ‘ವ್ಯಾಕ್ಯೂಮ್ ಇಂಟು’ (ಹೊಸಾ ಫೈಲಿಗೆ ನಕಲು ತಗಿಯೂ ಕಮಾಂಡ್) ಚಲೋ, 3.27ನೇ ಆವೃತ್ತಿಯಿಂದ, ಅಂದ್ರ 2019ರಿಂದ ಐತಿ. ಅದು ಮುಗದ ಮ್ಯಾಲೆ ಸಿಂಕ್ (ರ‍್ಯಾಮಿನ್ಯಾಗ ಇರೋದನ್ನ ಡಿಸ್ಕಿಗೆ ಇಳಸೂ) ಕಮಾಂಡ್ ಕೊಡೂದು ಮರೀಬ್ಯಾಡ್ರಿ.

ಇನ್ನೊಂದು. ಹಳೇ ಬ್ಯಾಕಪ್ ವಾಪಸ್ ಹಾಕೂ ಮುಂದ ಅದೇ ಫೋಲ್ಡರಿನ್ಯಾಗ ಹಿಂದಿನ ಡೇಟಾಬೇಸಿನ -ವಾಲ್ ಫೈಲು ಉಳದಿತ್ತು ಅಂದ್ರ ಎಸ್‌ಕ್ಯೂಲೈಟ್ ಅದನ್ನ ಈ ಫೈಲಿಂದ ಅಂತ ತಿಳೀಬಹುದು. ಒಳ್ಳೇ ಬ್ಯಾಕಪ್ಪು ಕೈಯಾರೆ ಕೆಡತೈತಿ. ಪ್ರೋಗ್ರಾಮ್ ಬಂದ್ ಮಾಡಿ, ಹಳೇ -ವಾಲ್, -ಎಸ್‌ಎಚ್‌ಎಂ ಎರಡನ್ನೂ ಬ್ಯಾರೆ ಕಡೆ ಸರಸಿ, ಆಮ್ಯಾಲೆ ಹೊಸದು ಹಾಕ್ರಿ.

ಕಪಾಟುಸಂಖ್ಯೆ:

ಪೆನ್‌ಡ್ರೈವನ್ನು ಬೆಳಿಗ್ಗೆ ಎಳೆಯುವುದು ನಿಜ, ಅನ್‌ಮೌಂಟ್ ಯಾರೂ ಮಾಡುತ್ತಿರಲಿಲ್ಲ. ಈಗ .ಬ್ಯಾಕಪ್ ಮಾಡಿ, ಮುಗಿದ ಕೂಡಲೇ ಪೆನ್‌ಡ್ರೈವಿನ ಪ್ರತಿಯ ಮೇಲೆ ಇಂಟೆಗ್ರಿಟಿ_ಚೆಕ್ ಓಡಿಸಿದೆ. ಓಕೆ ಬಂತು, ಈ ಸಲ ಹೆಸರು ಸರಿಯಿದೆ. ಪೆನ್‌ಡ್ರೈವಾದರೂ ಬಹಳ ಬೇಗ ಮುಗಿಯಿತು.

ಕರಾವಳಿಕರ್ನಲ್:

ಬೇಗ ಮುಗಿದದ್ದೇ ಸಂಶಯ. ಈಗಷ್ಟೇ ಬರೆದ ಫೈಲು ಲಿನಕ್ಸಿನ ಪೇಜ್ ಕ್ಯಾಶ್‌ನಲ್ಲಿ, ಅಂದರೆ ರ‍್ಯಾಮಿನಲ್ಲಿ ಕೂತಿರ್ತದೆ. ಚೆಕ್ ಓದಿದ್ದು ಅಲ್ಲಿಂದ. ಪೆನ್‌ಡ್ರೈವಿನ ಚಿಪ್ಪಿನಲ್ಲಿ ಏನಿದೆ ಅಂತ ಇನ್ನೂ ಯಾರೂ ನೋಡಲೇ ಇಲ್ಲ.

ಅನ್‌ಮೌಂಟ್ ಮಾಡಿ, ಎಳೆದು, ಮತ್ತೆ ಚುಚ್ಚಿ, ಆಮೇಲೆ ಪರೀಕ್ಷಿಸಿ. ಸ್ಕ್ರಿಪ್ಟಿನಲ್ಲೇ ಆಗ್ಬೇಕಾದ್ರೆ ಸಿಂಕ್ ಕೊಟ್ಟು, ರೂಟ್ ಆಗಿ /ಪ್ರಾಕ್/ಸಿಸ್/ವಿಎಂ/ಡ್ರಾಪ್_ಕ್ಯಾಶಸ್‌ಗೆ 3 ಎಂದು ಬರೆದು, ನಂತರ ಓಡಿಸಿ. ಸಿಂಕ್ ಮೊದಲು. ಇನ್ನೂ ಡಿಸ್ಕಿಗೆ ಇಳಿಯದ ಪೇಜನ್ನು ಡ್ರಾಪ್_ಕ್ಯಾಶಸ್ ಬಿಡುವುದಿಲ್ಲ.

ಸಂತೆಯಲ್ಲಿ ಸಿಗುವ ‘512 ಜಿಬಿ’ ಪೆನ್‌ಡ್ರೈವ್ ಆದರೆ ಮೊದಲು ಎಫ್3ರೈಟ್, ಎಫ್3ರೀಡ್ ಓಡಿಸಿ ನಿಜವಾದ ಅಳತೆ ನೋಡಿಕೊಳ್ಳಿ. ಸುಳ್ಳು ಅಳತೆಯ ಡ್ರೈವು ಬರೆಯುವಾಗ ಚಕಾರ ಎತ್ತುವುದಿಲ್ಲ.

ಲಾಗುನೋಡು:

ಇಷ್ಟೆಲ್ಲ ಪಾಡು ಯಾಕೆ ಗುರು? ಇಂಟೆಗ್ರಿಟಿ_ಚೆಕ್‌ನ ಹಗುರ ರೂಪ ಕ್ವಿಕ್_ಚೆಕ್ ಹಾಕಿ ಸಾಕು. ಇಂಟೆಗ್ರಿಟಿ_ಚೆಕ್ ಒಂದೊಂದು ಸಾಲಿಗೂ ಒಂದೊಂದು ಇಂಡೆಕ್ಸಿನಲ್ಲಿ (ಬೇಗ ಹುಡುಕೋಕೆ ಇಟ್ಟ ಸೂಚಿ) ಹುಡುಕುತ್ತೆ, ಡೇಟಾಬೇಸ್ ದೊಡ್ಡದಾದಷ್ಟೂ ಸಮಯ ಅದಕ್ಕಿಂತ ಜೋರಾಗಿ ಏರುತ್ತೆ. ಕ್ವಿಕ್_ಚೆಕ್ ಒಂದು ಸುತ್ತು ಓದಿ ಮುಗಿಸುತ್ತೆ. ಮುರಿದ ಪೇಜು, ಅಡ್ಡಾದಿಡ್ಡಿ ರೋಐಡಿ (ಸಾಲಿನ ಸಂಖ್ಯೆ), ಎರಡು ಕಡೆ ಬಳಕೆಯಾದ ಪೇಜು, ಎಲ್ಲ ಅದರಲ್ಲೇ ಸಿಗುತ್ತೆ.

ಬಿಟ್‌ಬುಟ್ಟಿ:

ಕ್ವಿಕ್_ಚೆಕ್‌ಗೆ ಕಾಣದೇ ಇರೋದನ್ನ ಐದು ನಿಮಿಷದಲ್ಲಿ ತೋರಿಸ್ತೀನಿ, ನೀವೇ ಮಾಡಿ ನೋಡಿ ಸರ್. ಬೇರೆ ಫೋಲ್ಡರಿನಲ್ಲಿ ಹೊಸ ಫೈಲು, 4096ರ ಪೇಜು:

ಎಸ್‌ಕ್ಯೂಲೈಟ್3 ಪ್ರಯೋಗ.ಡಿಬಿ "ಕ್ರಿಯೇಟ್ ಟೇಬಲ್ ಪದ(ಸಂ ಇಂಟಿಜರ್ ಪ್ರೈಮರಿ ಕೀ, ಹೆಸರು ಟೆಕ್ಸ್ಟ್); ಕ್ರಿಯೇಟ್ ಇಂಡೆಕ್ಸ್ ಪದ_ಹೆ ಆನ್ ಪದ(ಹೆಸರು); ಇನ್ಸರ್ಟ್ ಇಂಟು ಪದ ವ್ಯಾಲ್ಯೂಸ್(1,'ಕುರಿ');"

ಮೂರು ಪೇಜು, 12,288 ಬೈಟ್. 2ನೇ ಪೇಜು ಟೇಬಲ್, 3ನೇ ಪೇಜು ಇಂಡೆಕ್ಸ್. ‘ಕುರಿ’ಗೆ ಯುಟಿಎಫ್-8ರಲ್ಲಿ ನಾಲ್ಕು ಕೋಡು, ಒಂದೊಂದಕ್ಕೆ ಮೂರು ಬೈಟು, ಒಟ್ಟು 12. ಎಸ್‌ಕ್ಯೂಲೈಟ್ ಪೇಜಿನ ತುದಿಯಿಂದ ತುಂಬುತ್ತಾ ಬರುತ್ತೆ, ಹಾಗಾಗಿ ಟೇಬಲ್ಲಿನ ‘ಕುರಿ’ 8180ರಲ್ಲಿ, ಇಂಡೆಕ್ಸಿನ ‘ಕುರಿ’ 12276ರಲ್ಲಿ ಶುರು. ಗ್ರೆಪ್ -ಒಎಬಿ 'ಕುರಿ' ಪ್ರಯೋಗ.ಡಿಬಿ ಅಂತ ಕೊಟ್ಟರೆ ಇವೇ ಎರಡು ಸಂಖ್ಯೆ ಬರುತ್ತವೆ.

‘ಕ’ ಅಂದರೆ ಇ0 ಬಿ2 95. ‘ಗ’ ಅಂದರೆ ಇ0 ಬಿ2 97. 95ಕ್ಕೂ 97ಕ್ಕೂ ಒಂದೇ ಒಂದು ಬಿಟ್ ವ್ಯತ್ಯಾಸ. ಟೇಬಲ್ಲಿನ ಆ ಬೈಟನ್ನು ಮಾತ್ರ ತಿರುಗಿಸಿ:

ಪ್ರಿಂಟ್‌ಎಫ್ '\ಎಕ್ಸ್97' | ಡಿಡಿ ಒಎಫ್=ಪ್ರಯೋಗ.ಡಿಬಿ ಬಿಎಸ್=1 ಸೀಕ್=8182 ಕಾನ್ವ್=ನೋಟ್ರಂಕ್

ನೋಟ್ರಂಕ್ ಬಿಟ್ಟರೆ ಫೈಲು ಅಲ್ಲಿಗೇ ಕತ್ತರಿಸಿಹೋಗುತ್ತೆ, ಜೋಪಾನ. ಈಗ ಕುರಿ ಹೋಗಿ ಗುರಿ ಆಯ್ತು. ಕ್ವಿಕ್_ಚೆಕ್ ಹಾಕಿ: ಓಕೆ. ಇಂಟೆಗ್ರಿಟಿ_ಚೆಕ್ ಹಾಕಿ: ‘ರೋ 1 ಮಿಸ್ಸಿಂಗ್ ಫ್ರಮ್ ಇಂಡೆಕ್ಸ್ ಪದ_ಹೆ’. ಟೇಬಲ್ಲಿನಲ್ಲಿರೋ ‘ಗುರಿ’ಯನ್ನ ಇಂಡೆಕ್ಸಿನಲ್ಲಿ ಹುಡುಕಿದೆ, ಅಲ್ಲಿ ‘ಕುರಿ’ ಇದೆ. ಕ್ವಿಕ್_ಚೆಕ್ ಈ ಹೋಲಿಕೆಗೆ ಕೈಹಾಕಲ್ಲ. ಯುನೀಕ್ (ಒಂದೇ ಬೆಲೆ ಎರಡು ಸಲ ಬರಬಾರದು) ನಿಯಮವನ್ನೂ ನೋಡಲ್ಲ.

ಇದಕ್ಕಿಂತ ಕಹಿಯಾದ್ದು ಇನ್ನೊಂದಿದೆ. ಆ ಇಂಡೆಕ್ಸೇ ಇಲ್ಲದೆ ಇದೇ ಪ್ರಯೋಗ ಮಾಡಿ. ಎರಡು ಚೆಕ್ಕೂ ಓಕೆ. ಪೇಜಿನ ಕಟ್ಟು ಸರಿಯಿದೆ, ಅಕ್ಷರದ ಉದ್ದ ಸರಿಯಿದೆ, ಬರೆದದ್ದು ಕುರಿಯೋ ಗುರಿಯೋ ಅದಕ್ಕೆ ಗೊತ್ತಾಗೋ ದಾರಿಯೇ ಇಲ್ಲ. ಮಾಮೂಲಿ ಎಸ್‌ಕ್ಯೂಲೈಟ್ ಫೈಲಿನ ಪೇಜುಗಳಿಗೆ ಚೆಕ್‌ಸಮ್ (ಬೈಟುಗಳಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ) ಇರಲ್ಲ. ವಾಲ್ ಫೈಲಿನ ಫ್ರೇಮುಗಳಿಗೆ ಇದೆ, ಮುಖ್ಯ ಫೈಲಿಗೆ ಇಲ್ಲ.

ಲಾಗುನೋಡು:

ಮಾಡಿ ನೋಡಿದೆ, ನೀವು ಹೇಳಿದ್ದೇ ಬಂತು. ಮಾತು ವಾಪಸ್ ತಗೊಂಡೆ. ಆದರೂ ಗಂಟೆಗೊಂದು ಬ್ಯಾಕಪ್ ತೆಗೆಯೋ ಕಡೆ ಪ್ರತಿ ಸಲ ಪೂರ್ತಿ ಚೆಕ್ ಆಗಲ್ಲ. ಗಂಟೆಯದಕ್ಕೆ ಕ್ವಿಕ್, ರಾತ್ರಿಯದಕ್ಕೆ ಪೂರ್ತಿ. ಸರಿ ತಾನೆ?

ಬಿಟ್‌ಬುಟ್ಟಿ:

ಸರಿ. 3.33ರಿಂದ ಟೇಬಲ್ ಹೆಸರು ಕೊಟ್ಟು ಒಂದನ್ನೇ ಪರೀಕ್ಷಿಸಬಹುದು: ಇಂಟೆಗ್ರಿಟಿ_ಚೆಕ್(ಪದ). ಹಾಗೆ ಕೊಟ್ಟಾಗ ಫ್ರೀಲಿಸ್ಟ್ (ಖಾಲಿಬಿದ್ದ ಪೇಜುಗಳ ಪಟ್ಟಿ) ನೋಡಲ್ಲ, ಯಾರಿಗೂ ಸೇರದ ಪೇಜಿನ ಲೆಕ್ಕವೂ ಬರಲ್ಲ. ಅದು ಗೊತ್ತಿದ್ದರೆ ಸಾಕು.

ಶೂನ್ಯಬೈಟು:

ಇಂಡೆಕ್ಸಿಲ್ಲದ ಕಾಲಂಗೆ ಕಾವಲು ಅಂದರೆ ಬ್ಯಾಕಪ್ ತೆಗೆದ ಕ್ಷಣದಲ್ಲೇ ಬರೆದಿಟ್ಟ ಮೊತ್ತ (ಚೆಕ್‌ಸಮ್), ಬೇರೆ ದಾರಿ ಕಮ್ಮಿ. ಮೊದಲು ಯಂತ್ರದ ಒಳಗಿನ ಡಿಸ್ಕಿಗೇ .ಬ್ಯಾಕಪ್ ಮಾಡಿ, ಅಲ್ಲಿ ಇಂಟೆಗ್ರಿಟಿ_ಚೆಕ್ ಮುಗಿಸಿ, ಎಸ್‌ಎಚ್‌ಎ256ಸಮ್ ತೆಗೆದು, ಆಮೇಲೆ ಫೈಲನ್ನೂ ಮೊತ್ತವನ್ನೂ ಪೆನ್‌ಡ್ರೈವಿಗೆ ಕಳಿಸಿ. ಎಸ್‌ಎಚ್‌ಎ256ಸಮ್ -ಸಿ ಹಾಕಿದರೆ ಆರು ತಿಂಗಳ ಮೇಲೂ ಒಂದು ಬಿಟ್ ಬದಲಾಗಿದ್ದರೆ ಸಿಕ್ಕಿಬೀಳುತ್ತೆ. ಮೊತ್ತ ತೆಗೆಯೋದು ಡೇಟಾಬೇಸನ್ನು ಮತ್ತೆ ಯಾರೂ ತೆರೆಯುವ ಮುಂಚೆ. ವಾಲ್ ಮೋಡಿನ ಫೈಲನ್ನು ರೀಡ್‌ಓನ್ಲಿ ಇಲ್ಲದೆ ತೆರೆದು ಮುಚ್ಚಿದರೆ ಚೆಕ್‌ಪಾಯಿಂಟ್ ನಡೆದು ಫೈಲೇ ಬದಲಾಗಬಹುದು.

ಅಸಲು ಡೇಟಾಬೇಸಿನ ಎಸ್‌ಎಚ್‌ಎ256ನ್ನು ಬ್ಯಾಕಪ್ಪಿನದರ ಜತೆ ಹೋಲಿಸಿ ‘ಬೇರೆ ಬಂತು, ಕೆಟ್ಟಿದೆ’ ಅಂತ ಗಾಬರಿಯಾಗಬೇಡಿ. ವಾಲ್‌ನಲ್ಲಿ ಬಾಕಿ ಇರೋದು, ಹೆಡರಿನ ಎಣಿಕೆ ಇವುಗಳಿಂದ ಬೈಟು ಬೇರೆಯಾಗುತ್ತೆ. ಒಳಗಿನ ವಿಷಯ ಹೋಲಿಸೋಕೆ ಎಸ್‌ಕ್ಯೂಲೈಟ್3 ಒಳಗೇ .ಎಸ್‌ಎಚ್‌ಎ3ಸಮ್ ಇದೆ. ಅದು ಪೇಜಿನ ಜೋಡಣೆ ನೋಡಲ್ಲ, ಸಾಲುಗಳ ಮೊತ್ತ ಕೊಡುತ್ತೆ. ಎರಡೂ ಕಡೆ ಒಂದೇ ಹೊತ್ತಿನ ದತ್ತಾಂಶ ಇರಬೇಕು ಅಷ್ಟೆ.

.ಬ್ಯಾಕಪ್ ಪೇಜನ್ನು ಇದ್ದ ಹಾಗೆ ಹೊತ್ತೊಯ್ಯುತ್ತೆ, ಅಸಲಿನಲ್ಲಿ ರೋಗ ಇದ್ದರೆ ರೋಗವೂ ಜತೆಗೆ ಬರುತ್ತೆ. ವ್ಯಾಕ್ಯೂಮ್ ಇಂಟು ಹೊಸ ಫೈಲು ಕಟ್ಟುತ್ತೆ, ಆದರೆ ಇಂಡೆಕ್ಸಿನ ನಮೂದನ್ನು ಸಾಮಾನ್ಯವಾಗಿ ಹಳೆಯ ಇಂಡೆಕ್ಸಿನಿಂದಲೇ ನಕಲು ಮಾಡುತ್ತೆ. ಕುರಿ-ಗುರಿ ಜಗಳ ಅಸಲಿನಲ್ಲಿ ಇದ್ದರೆ ಬ್ಯಾಕಪ್ಪಿನಲ್ಲೂ ಅದೇ ಜಗಳ ಇರುತ್ತೆ. ಆದ್ದರಿಂದ ಯಾವುದನ್ನು ಬಳಸಿದರೂ ಅಸಲಿನ ಮೇಲೂ ಆಗಾಗ ಪೂರ್ತಿ ಚೆಕ್ ಓಡಿಸಲೇಬೇಕು.

ಕಪಾಟುಸಂಖ್ಯೆ:

ಕಳೆದ ತಿಂಗಳ ಇನ್ನೊಂದು ಬ್ಯಾಕಪ್ ಸಿಕ್ಕಿತು, ಅಳತೆ ಸರಿಯಿದೆ. ಇಂಟೆಗ್ರಿಟಿ_ಚೆಕ್ ಸರಿಯಾಗಿ 100 ಸಾಲು ಕೊಟ್ಟಿತು. ಬಗೆಗೊಂದೊಂದು ಹಾಕುತ್ತಿದ್ದೇನೆ:

ಪೇಜ್ 48213: ನೆವರ್ ಯೂಸ್ಡ್
ರೋ 20417 ಮಿಸ್ಸಿಂಗ್ ಫ್ರಮ್ ಇಂಡೆಕ್ಸ್ ಲೇಖಕ_ಐ
ರಾಂಗ್ # ಆಫ್ ಎಂಟ್ರೀಸ್ ಇನ್ ಇಂಡೆಕ್ಸ್ ಲೇಖಕ_ಐ

ಪೇಡಾಬೈಟ್:

ಸರಿಯಾಗಿ 100 ಬಂತು ಅಂದ್ರ 100ಕ್ಕ ನಿಂತೈತಿ ಅಂತ ಅರ್ಥ, ತಪ್ಪು ಅಷ್ಟ ಅದಾವ ಅಂತಲ್ರೀ. ಇಂಟೆಗ್ರಿಟಿ_ಚೆಕ್(100000) ಅಂತ ಕೊಟ್ಟು ಒಂದು ಫೈಲಿಗೆ ಹಾಕ್ಕೊಳ್ರಿ, ಆಮ್ಯಾಲೆ ಗ್ರೆಪ್ ಹಚ್ಚಿ ಬಗೆ ಬಗೆ ಎಣಸ್ರಿ.

‘ನೆವರ್ ಯೂಸ್ಡ್’ ಅಂದ್ರ ಯಾವ ಗಿಡಕ್ಕೂ ಹತ್ತದ ಪೇಜು. ಅದೊಂದ ಬಂದಿದ್ರ ಜಾಗ ದಂಡ ಅಷ್ಟ, ವ್ಯಾಕ್ಯೂಮ್ ಮಾಡಿದ್ರ ಹೋಗತೈತಿ. ಆದ್ರ ಅದರ ಜೋಡಿ ‘ಟ್ರೀ’, ‘ಸೆಲ್’, ‘ರೋಐಡಿ ಔಟ್ ಆಫ್ ಆರ್ಡರ್’ ಅಂತ ಬಂದಿದ್ರ, ಆ ಪೇಜಿನ್ಯಾಗ ನಿಮ್ಮ ಸಾಲು ಇರಬಹುದು, ಕೊಂಡಿ ಮಾತ್ರ ಕಡದೈತಿ. ಆವಾಗ ವ್ಯಾಕ್ಯೂಮ್ ಹಚ್ಚಿದ್ರ ಇದ್ದಬದ್ದದ್ದೂ ಹೋಗತೈತಿ. ಮೊದಲು ರಿಕವರ್.

ಇಂಡೆಕ್ಸಿನ ತಪ್ಪಷ್ಟ ಇದ್ರ ರೀಇಂಡೆಕ್ಸ್ ಸಾಕಂತಾರ ಎಲ್ಲಾರೂ. ತಡೀರಿ. ರೀಇಂಡೆಕ್ಸ್ ಟೇಬಲ್ಲನ್ನ ನಂಬಿ ಹಳೇ ಇಂಡೆಕ್ಸ್ ಒಗದು ಹೊಸದು ಕಟ್ಟತೈತಿ. ಟೇಬಲ್ಲ ಕೆಟ್ಟಿದ್ರ? ಒಗಿಯೂಕಿಂತ ಮುಂಚೆ ಎರಡೂ ಕಡೆ ಓದ್ರಿ:

ಸೆಲೆಕ್ಟ್ ಹೆಸರು ಫ್ರಮ್ ಪದ ಇಂಡೆಕ್ಸ್ಡ್ ಬೈ ಪದ_ಹೆ ಆರ್ಡರ್ ಬೈ ಹೆಸರು;
ಸೆಲೆಕ್ಟ್ ಹೆಸರು ಫ್ರಮ್ ಪದ ನಾಟ್ ಇಂಡೆಕ್ಸ್ಡ್ ಆರ್ಡರ್ ಬೈ ಹೆಸರು;

ಮೇಲಿನ ಪ್ರಯೋಗದ ಫೈಲಿಗೆ ಹಚ್ಚಿದ್ರ ಮೊದಲನೇದು ಕುರಿ, ಎರಡನೇದು ಗುರಿ ಕೊಡತೈತಿ. ಎರಡನ್ನೂ ಫೈಲಿಗೆ ಹಾಕಿ ಡಿಫ್ ಮಾಡ್ರಿ, ಯಾವುದು ಸರಿ ಅಂತ ಕಣ್ಣಲೆ ನೋಡಿ ತಿದ್ದಿ, ಆಮ್ಯಾಲೆ ರೀಇಂಡೆಕ್ಸ್.

ನಿಮ್ಮ ಪ್ರೋಗ್ರಾಮ್ ತನ್ನದೇ ಕೊಲೇಶನ್ (ಅಕ್ಷರ ಜೋಡಸೂ ಕ್ರಮ) ಇಟ್ಕೊಂಡಿದ್ರ, ಕನ್ನಡ ಅಕಾರಾದಿಗೆ ಹಂಗ ಇಡೂ ರೂಢಿ ಐತಿ, ಬರೇ ಎಸ್‌ಕ್ಯೂಲೈಟ್3ಕ್ಕ ಅದು ಗೊತ್ತಿರೂದಿಲ್ಲ. ‘ನೋ ಸಚ್ ಕೊಲೇಶನ್ ಸೀಕ್ವೆನ್ಸ್’ ಅಂತಂದ್ರ ಫೈಲು ಕೆಟ್ಟಿಲ್ಲ, ಉಪಕರಣ ತಪ್ಪೈತಿ. ಪ್ರೋಗ್ರಾಮಿನ ಜೋಡಿ ಬಂದ ಉಪಕರಣದಾಗ ನೋಡ್ರಿ.

ಕಪಾಟುಸಂಖ್ಯೆ:

ಲೇಖಕ_ಐ ಬಿಟ್ಟು ಬೇರೆ ಇಂಡೆಕ್ಸ್ ತಪ್ಪಿಲ್ಲ, ‘ಟ್ರೀ’ ಸಾಲು ಒಂದೂ ಇಲ್ಲ. ಡಿಫ್ ಮಾಡಿದೆ, ಟೇಬಲ್ ಕಡೆಯದೇ ಸರಿ. ಇಂಡೆಕ್ಸಿನಲ್ಲಿ ಕೊನೆಯ ಕೆಲವು ನಮೂದು ಸೇರಿಲ್ಲ, ಸಿಪಿ ನಡುವಿನ ಚೆಕ್‌ಪಾಯಿಂಟ್ ಇರಬೇಕು. ರೀಇಂಡೆಕ್ಸ್ ಆದಮೇಲೆ ‘ನೆವರ್ ಯೂಸ್ಡ್’ ಮಾತ್ರ ಉಳಿಯಿತು. ಇನ್ನು ಬಾಲ ಕತ್ತರಿಸಿದ ಫೈಲು: .ಡಂಪ್ (ಎಲ್ಲ ಸಾಲನ್ನೂ ಕಮಾಂಡುಗಳಾಗಿ ಬರೆಯುವುದು) ಮಾಡಿ ಹೊಸ ಡೇಟಾಬೇಸಿಗೆ ಹಾಕಿದೆ. ಡಂಪ್ ಫೈಲು 400 ಎಂಬಿ ಮೀರಿದೆ, ಹೊಸ ಡೇಟಾಬೇಸ್ ಮಾತ್ರ ಖಾಲಿ!

ಶೂನ್ಯಬೈಟು:

ಟೇಲ್ -1 ಹಾಕಿ ಡಂಪಿನ ಕೊನೆ ಸಾಲು ನೋಡಿ. ‘ರೋಲ್‌ಬ್ಯಾಕ್; -- ಡ್ಯೂ ಟು ಎರರ್ಸ್’ ಅಂತಿರುತ್ತೆ. ಡಂಪ್ ಮಾಡುವಾಗ ಎಲ್ಲಾದರೂ ಎಡವಿದರೆ ‘ಕಮಿಟ್’ ಬದಲು ಅದನ್ನು ಬರೆಯುತ್ತೆ. ನೀವು ಒಳಗೆ ಹಾಕಿದಾಗ ಎಲ್ಲಾ ಸೇರಿ, ಕೊನೆ ಸಾಲಿಗೆ ಎಲ್ಲಾ ರದ್ದು. ಆ ಸಾಲನ್ನು ಸೆಡ್‌ನಿಂದ ಕಮಿಟ್ ಮಾಡಿ ಹಾಕಬಹುದು, ಆದರೆ .ರಿಕವರ್ ಇದ್ದಾಗ ಆ ಕಸರತ್ತು ಬೇಡ. .ರಿಕವರ್ 3.29ರಿಂದ ಇದೆ, ಕೆಳಗಿನ ಇಗ್ನೋರ್-ಫ್ರೀಲಿಸ್ಟ್ ಆಯ್ಕೆ ಇನ್ನೂ ಹೊಸ ಆವೃತ್ತಿಗಳಲ್ಲಿ:

ಎಸ್‌ಕ್ಯೂಲೈಟ್3 ಪ್ರತಿ.ಡಿಬಿ ".ರಿಕವರ್ --ಇಗ್ನೋರ್-ಫ್ರೀಲಿಸ್ಟ್" | ಎಸ್‌ಕ್ಯೂಲೈಟ್3 ಹೊಸದು.ಡಿಬಿ

.ಡಂಪ್ ಗಿಡದ ಬೇರಿನಿಂದ ಇಳಿಯುತ್ತೆ, ಕೊಂಬೆ ಮುರಿದ ಕಡೆ ನಿಲ್ಲುತ್ತೆ. .ರಿಕವರ್ ಪೇಜನ್ನು ಒಂದೊಂದಾಗಿ ಎತ್ತಿ ನೋಡುತ್ತೆ, ಯಾರಿಗೂ ಸೇರದ ಎಲೆಗಳನ್ನೂ ಆರಿಸುತ್ತೆ. ಇಗ್ನೋರ್-ಫ್ರೀಲಿಸ್ಟ್ ಹಾಕದಿದ್ದರೆ ನೀವು ಹಿಂದೆಂದೋ ಅಳಿಸಿದ ಪುಸ್ತಕಗಳೂ ಎದ್ದುಬರಬಹುದು. ಹೊಸದು.ಡಿಬಿ ಮೊದಲೇ ಇರಬಾರದು.

ಲಾಗುನೋಡು:

ರಿಕವರ್ ಆದಮೇಲೆ ಫಾರಿನ್_ಕೀ_ಚೆಕ್ (ಒಂದು ಟೇಬಲ್ ಇನ್ನೊಂದರ ಸಾಲಿಗೆ ತೋರಿಸೋ ಕೊಂಡಿಯ ಪರೀಕ್ಷೆ) ಓಡಿಸಿ, ಇಂಟೆಗ್ರಿಟಿ_ಚೆಕ್ ಅದನ್ನು ನೋಡಲ್ಲ. ಏನೂ ಬರದಿದ್ದರೆ ಸರಿ, ಇಲ್ಲಿ ‘ಓಕೆ’ ಅನ್ನೋ ಪದವೇ ಇಲ್ಲ. ಬಂದರೆ ನಾಲ್ಕು ಕಾಲಂ: ಮಗು ಟೇಬಲ್, ರೋಐಡಿ, ತಾಯಿ ಟೇಬಲ್, ಎಷ್ಟನೇ ಕೀ. 256 ಪೇಜು ಹೋಗಿದೆ ಅಂದಮೇಲೆ ಪುಸ್ತಕವಿಲ್ಲದ ಎರವಲು ನಮೂದು ಬಂದೇ ಬರುತ್ತೆ.

ಮಲೆನಾಡುಮೌಂಟ್:

ಕ್ರಾನ್‌ನಲ್ಲಿ ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ) 0 ಬಂದರೆ ಸರಿ ಅಂತ ಇಟ್ಟುಕೊಂಡರೆ ಆಗ್ತದಾ? ನಮ್ಮಲ್ಲಿ ಇನ್ನೊಂದು ಯಂತ್ರ ಪೋಸ್ಟ್‌ಗ್ರೆಸ್, ಇನ್ನೊಂದು ಮೈಎಸ್‌ಕ್ಯುಎಲ್.

ಬಿಟ್‌ಬುಟ್ಟಿ:

ಆಗಲ್ಲ. ಇಂಟೆಗ್ರಿಟಿ_ಚೆಕ್ ಕೊಡೋ ತಪ್ಪುಗಳು ಅದಕ್ಕೆ ಮಾಮೂಲಿ ಸಾಲುಗಳಿದ್ದ ಹಾಗೆ. ಸಾಲು ಕೊಟ್ಟಾಯ್ತು, ಕೆಲಸ ಮುಗೀತು, ಎಕ್ಸಿಟ್ 0. ಫೈಲನ್ನೇ ತೆರೆಯೋಕಾಗದಿದ್ದರೆ ಮಾತ್ರ ಸೊನ್ನೆಯಲ್ಲದ್ದು ಬರುತ್ತೆ. ಔಟ್‌ಪುಟ್ಟನ್ನೇ ಹಿಡಿದು ಹೋಲಿಸಬೇಕು:

ಫಲ=$(ಎಸ್‌ಕ್ಯೂಲೈಟ್3 -ರೀಡ್‌ಓನ್ಲಿ -ನೋಹೆಡರ್ -ಲಿಸ್ಟ್ "$ಫೈಲು" "ಪ್ರಾಗ್ಮಾ ಇಂಟೆಗ್ರಿಟಿ_ಚೆಕ್;")
[ -ಎಸ್ "$ಫೈಲು" ] && [ "$ಫಲ" = "ಓಕೆ" ] || ಎಕ್ಸಿಟ್ 1

(ಸ್ಕ್ರಿಪ್ಟಿನಲ್ಲಿ ಓಕೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ.) -ಎಸ್ ಅಂದರೆ ಅಳತೆ ಸೊನ್ನೆಗಿಂತ ಜಾಸ್ತಿ ಇರಬೇಕು. -ನೋಹೆಡರ್ ಯಾಕೆ ಅಂದರೆ ಯಾರಾದರೂ ಹೋಮ್ ಫೋಲ್ಡರಿನ .ಎಸ್‌ಕ್ಯೂಲೈಟ್‌ಆರ್‌ಸಿಯಲ್ಲಿ ಹೆಡರ್ಸ್ ಆನ್ ಮಾಡಿಟ್ಟಿದ್ದರೆ ಉತ್ತರ ಎರಡು ಸಾಲಾಗಿ, ಒಳ್ಳೆ ಫೈಲೂ ಫೇಲ್ ಆಗುತ್ತೆ. ಜತೆಗೆ ಕೊನೆಯ ಎರವಲಿನ ತಾರೀಕನ್ನು ಮ್ಯಾಕ್ಸ್‌ನಿಂದ ತೆಗೆದು ಇವತ್ತಿನದೇ ಅಂತ ನೋಡಿ. ಮೂರು ವಾರದ ಹಳೇ ಫೈಲೂ ಇಂಟೆಗ್ರಿಟಿಯಲ್ಲಿ ಪಾಸಾಗುತ್ತೆ.

ರೀಡ್‌ಓನ್ಲಿ ಮೌಂಟಿನಿಂದ ವಾಲ್ ಮೋಡಿನ ಫೈಲು ತೆರೆಯದಿದ್ದರೆ ಕೆಲವರು ಇಮ್ಯೂಟಬಲ್=1 ಹಾಕಿ ಅಂತಾರೆ. ತೆರೆಯುತ್ತೆ, ಆದರೆ ಪಕ್ಕದಲ್ಲಿರೋ -ವಾಲ್ ಫೈಲನ್ನು ತಿರುಗಿಯೂ ನೋಡಲ್ಲ. ಒಳಗಿನ ಡಿಸ್ಕಿಗೆ ಎರಡನ್ನೂ ಕಾಪಿ ಮಾಡಿ ಪರೀಕ್ಷಿಸೋದು ವಾಸಿ.

ಮೈಎಸ್‌ಕ್ಯುಎಲ್‌ಡಂಪ್ ಫೈಲಿಗೆ ಮೊದಲು ಟೇಲ್ -1: ‘ಡಂಪ್ ಕಂಪ್ಲೀಟೆಡ್’ ಅಂತ ಇಲ್ಲದಿದ್ದರೆ ಅರ್ಧಕ್ಕೆ ನಿಂತಿದೆ. ಪೋಸ್ಟ್‌ಗ್ರೆಸ್ ಬೇಸ್ ಬ್ಯಾಕಪ್ಪಿಗೆ 13ರಿಂದ ಪಿಜಿ_ವೆರಿಫೈಬ್ಯಾಕಪ್, ಪುನಃಸ್ಥಾಪಿಸಿ ಓಡುತ್ತಿರೋ ಸರ್ವರಿಗೆ 14ರಿಂದ ಪಿಜಿ_ಆಮ್‌ಚೆಕ್. ಪಿಜಿ_ರಿಸ್ಟೋರ್ --ಲಿಸ್ಟ್ ಬರೀ ಪರಿವಿಡಿ ಓದುತ್ತೆ, ಅದನ್ನು ಪರೀಕ್ಷೆ ಅಂದುಕೊಳ್ಳಬೇಡಿ. ಜಿಜಿಪ್ -ಟಿ ಹೇಳೋದು ಕಟ್ಟಿದ ಗಂಟು ಬಿಚ್ಚಿಲ್ಲ ಅಂತ ಮಾತ್ರ, ಗಂಟಿನೊಳಗೆ ಕಟ್ಟುವಾಗಲೇ ಹಳಸಿದ್ದನ್ನು ಹಾಕಿದ್ದರೆ ಅದಕ್ಕೆ ಗೊತ್ತಿಲ್ಲ.

ಕಪಾಟುಸಂಖ್ಯೆ:

ರಿಕವರ್ ಮುಗಿಯಿತು. ಹೊಸದು.ಡಿಬಿಗೆ ಇಂಟೆಗ್ರಿಟಿ_ಚೆಕ್ ಓಕೆ, ಫಾರಿನ್_ಕೀ_ಚೆಕ್ 61 ಸಾಲು, ಎಲ್ಲವೂ ಎರವಲು ಟೇಬಲ್. ಲಾಸ್ಟ್_ಆಂಡ್_ಫೌಂಡ್ ಅಂತ ಹೊಸ ಟೇಬಲ್ ಬಂದಿದೆ, ಅದರಲ್ಲಿ ಕಾಲಂ ಹೆಸರೇ ಇಲ್ಲ, ಸಿ0, ಸಿ1, ಸಿ2...

ಶೂನ್ಯಬೈಟು:

ಎನ್‌ಫೀಲ್ಡ್ ಕಾಲಂ ನೋಡಿ, ಆ ಸಾಲಿನಲ್ಲಿ ಎಷ್ಟು ಕಾಲಂ ಇತ್ತು ಅನ್ನೋ ಲೆಕ್ಕ. ಪುಸ್ತಕ ಟೇಬಲ್ಲಿನ ಕಾಲಂ ಸಂಖ್ಯೆಗೆ ಹೊಂದೋದನ್ನು ಮೊದಲು ತೆಗೀರಿ. ಐಡಿ ಕಾಲಂನಲ್ಲಿರೋದು ಹಳೆಯ ರೋಐಡಿ, ಇಂಟಿಜರ್ ಪ್ರೈಮರಿ ಕೀ ಇದ್ದರೆ ಅದೇ ನಿಮ್ಮ ಪುಸ್ತಕದ ಸಂಖ್ಯೆ. ಆ 61 ಎರವಲುಗಳು ಯಾವ ಪುಸ್ತಕದ ಸಂಖ್ಯೆ ಕೇಳ್ತಿವೆಯೋ ಅದನ್ನು ಈ ಐಡಿ ಜತೆ ಜಾಯಿನ್ ಮಾಡಿ. ಸಿಕ್ಕಷ್ಟನ್ನು ಇನ್ಸರ್ಟ್ ಮಾಡಿ, ಸಿಗದೆ ಉಳಿದದ್ದನ್ನು ಕಳೆದ ತಿಂಗಳ ಬ್ಯಾಕಪ್ಪಿನಿಂದ ಅಟ್ಯಾಚ್ ಹಾಕಿ ತಂದುಕೊಳ್ಳಿ. ಎಲ್ಲಾ ಮುಗಿದ ಮೇಲೆ ಲಾಸ್ಟ್_ಆಂಡ್_ಫೌಂಡ್ ಡ್ರಾಪ್ ಮಾಡಿ, ಇಲ್ಲದಿದ್ದರೆ ನಾಳೆಯ .ಎಸ್‌ಎಚ್‌ಎ3ಸಮ್‌ನಲ್ಲಿ ಅದೂ ಸೇರಿಕೊಳ್ಳುತ್ತೆ.